ಟೋಡ್‌ಸ್ಟೂಲ್ ಹವಳದ ತುಂಡು ಯಾಕೆ ಕೊಳೆಯಿತು?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಮನೆ. ಹಾಲ್‌ನಲ್ಲಿ 200 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟು ಮೂರು ವರ್ಷ ಆಯಿತು. ಅಣಬೆಯ ಹಾಗೆ ಕಾಂಡ, ಟೊಪ್ಪಿಗೆ ಇರುವ ಮೆತ್ತಗಿನ ಟೋಡ್‌ಸ್ಟೂಲ್ ಹವಳ ಅದರಲ್ಲಿದೆ, ಈಗ ತಿಂಡಿ ತಟ್ಟೆಯಷ್ಟು ಅಗಲವಾಗಿದೆ. ಕೆಳಗೆ ಗುಂಪಾಗಿ ಹಾಸಿಕೊಂಡಿರುವ ಹೂವಿನಂಥ ಸಣ್ಣ ಜೀವಿಗಳಾದ ಜೋಆಂಥಿಡ್‌ಗಳಿಗೆ ಬೆಳಕೇ ಸಿಗುತ್ತಿಲ್ಲ. ಮೇ ಎರಡನೇ ವಾರ ಅಡುಗೆಮನೆಯ ಕತ್ತರಿಯಿಂದ ಅಂಚಿನ ಎರಡು ತುಂಡು ಕತ್ತರಿಸಿ, ಫೆವಿಕ್ವಿಕ್ ಹಾಕಿ ಕಲ್ಲಿಗೆ ಅಂಟಿಸಿದೆ. ರಾತ್ರಿಯೊಳಗೆ ಎರಡೂ ಬಿದ್ದವು. ಮರುದಿನ ರಬ್ಬರ್ ಬ್ಯಾಂಡ್ ಬಿಗಿದೆ. ಮೂರನೇ ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿ ನಾತ ಬಂತು, ಎಸೆದೆ. ತಾಯಿ ಹವಳ ಹತ್ತು ದಿನ ಬಿಚ್ಚಿಕೊಳ್ಳಲೇ ಇಲ್ಲ. ನೀರು ತಣಿಸುವ ಚಿಲ್ಲರ್ ಯಂತ್ರ ಇಲ್ಲ, ಫ್ಯಾನ್ ಇದೆ. ಆಗ ನೀರು 30 ಡಿಗ್ರಿ ಇತ್ತು. ಇನ್ನೊಮ್ಮೆ ಕತ್ತರಿಸಿ ಇಬ್ಬರು ಗೆಳೆಯರಿಗೆ ಕೊಡಬೇಕೆಂದಿದ್ದೇನೆ, ಹೇಗೆ ಮಾಡಲಿ? ಠಾಣೆಯ ಗೆಳೆಯ ಕಲ್ಲು ಹವಳದ ಒಂದು ಕೊಂಬೆ ಕೊಡುತ್ತೇನೆ ಎನ್ನುತ್ತಾನೆ, ತರಬಹುದೇ? ಮುಂಬೈಯ ಹಾಜಿ ಅಲಿ ಹತ್ತಿರ ಸಮುದ್ರದ ನೀರಿಳಿದಾಗ ಬಂಡೆಯ ಮೇಲೆ ಹವಳ ನೋಡಿದೆ. ಸಣ್ಣ ಚೂರು ತಂದರೆ ಬೆಳೆಯುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಾಜಿ ಅಲಿಯ ಹವಳವನ್ನು ಮುಟ್ಟಬೇಡಿ. ಬಿದ್ದಿರುವ ಸತ್ತ ಚೂರನ್ನೂ ಜೇಬಿಗೆ ಹಾಕಬೇಡಿ. ಸುಣ್ಣದ ಗಟ್ಟಿ ಎಲುಬಿರುವ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲಿ. ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಕೂಡ 2001ರಲ್ಲಿ ಅವುಗಳ ಜೊತೆಗೇ ಆ ಪಟ್ಟಿಗೆ ಸೇರಿದವು. ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಕೋಸ್ಟಲ್ ರೋಡ್ ಕಟ್ಟುವಾಗ ವರ್ಲಿ ಮತ್ತು ಹಾಜಿ ಅಲಿಯ ಬಂಡೆಗಳ ಮೇಲೆ ಹವಳದ 18 ಕಾಲೊನಿ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಅಷ್ಟು ದೊಡ್ಡ ರಸ್ತೆ ಮಾಡುವವರೂ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು, ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರನ್ನು ಕರೆಸಿ, 2020ರಲ್ಲಿ ಅವನ್ನು ಕೊಲಾಬಾಕ್ಕೆ ಸಾಗಿಸಬೇಕಾಯಿತು. ನಾವು ನೀವು ಯಾವ ಲೆಕ್ಕ? ಅದೂ ಅಲ್ಲದೆ ಅವು ಕೆಸರು ನೀರಿಗೆ ಒಗ್ಗಿಕೊಂಡಿರುವ ಜೀವಗಳು. ನೀರಿಳಿದರೆ ಬಿಸಿಲಿಗೆ ಒಣಗುತ್ತವೆ, ಏರಿದರೆ ಮತ್ತೆ ಮುಳುಗುತ್ತವೆ. ನಮ್ಮ ಗಾಜಿನ ಪೆಟ್ಟಿಗೆಯ ತಿಳಿನೀರಿನಲ್ಲಿ ಅವಕ್ಕೆ ಮಾಡುವುದಕ್ಕೆ ಕೆಲಸವಿಲ್ಲ.

ಠಾಣೆಯ ಗೆಳೆಯರ ಕೊಂಬೆಗೂ ಇದೇ ಮಾತು. ಪ್ರಪಂಚದ ಕಲ್ಲು ಹವಳಗಳೆಲ್ಲ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲೂ ಇವೆ. ಅಂಥ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು ಎಂಬ ನಿಯಮ 2024ರಲ್ಲಿ ಬಂದಿದೆ. ನಿಮ್ಮ ಗೆಳೆಯರನ್ನು ಕಾಗದ ಕೇಳಿ. 'ಯಾರೋ ಕೊಟ್ಟರು, ಕತ್ತರಿಸಿ ಬೆಳೆಸಿದೆ' ಎಂದರೆ ಬೇಡ ಅಂದುಬಿಡಿ. ಗೆಳೆತನ ಹಾಳಾಗುವುದಿಲ್ಲ, ಚಹಾ ಕುಡಿದು ಬನ್ನಿ. ನಿಮ್ಮ ಟೋಡ್‌ಸ್ಟೂಲ್, ಜೋಆಂಥಿಡ್ ಈ ಪಟ್ಟಿಗಳಲ್ಲಿಲ್ಲ, ಚಪ್ಪಟೆ ತಟ್ಟೆಯಂಥ ಮಶ್ರೂಮ್ ಹವಳವೂ ಇಲ್ಲ. ಅಂಗಡಿಯ ಬಿಲ್ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ.

ಹವಳ ಎಂದಾಗಲೆಲ್ಲ ನಮ್ಮವರು ಕತ್ತಿನ ಸರದ ಹವಳ ನೆನಪು ಮಾಡಿಕೊಳ್ಳುತ್ತಾರೆ. ನನ್ನ ಅತ್ತೆ ಮೊದಲ ಸಲ ನಮ್ಮ ಟ್ಯಾಂಕ್ ನೋಡಿದಾಗ 'ಇದನ್ನೆಲ್ಲ ಪೋಣಿಸಿದರೆ ಎಷ್ಟು ಪವನ್ ಚಿನ್ನ ಬೇಕಾದೀತು' ಎಂದು ಕೇಳಿದ್ದರು. ಅದು ಬೇರೆ ಜಾತಿ. ಆಳದ ತಣ್ಣೀರಿನಲ್ಲಿ ಬೆಳೆಯುವ ಕೆಂಪು ಹವಳ. ನಿಮ್ಮ ಟೋಡ್‌ಸ್ಟೂಲಿಗೆ ಅಂಥ ಗಟ್ಟಿ ಎಲುಬೇ ಇಲ್ಲ. ಮೈಯೊಳಗೆ ಸುಣ್ಣದ ಸಣ್ಣ ಸಣ್ಣ ಸೂಜಿಗಳಿವೆ, ಅಷ್ಟೇ. ಒಮ್ಮೆ ಭೂತಗನ್ನಡಿ ಹಿಡಿದು ಬಿಚ್ಚಿಕೊಂಡ ಒಂದು ಪಾಲಿಪ್, ಅಂದರೆ ಹವಳದ ಒಂದು ಪುಟ್ಟ ಜೀವಿ, ನೋಡಿ. ಎಂಟು ಬೆರಳು ಇರುತ್ತವೆ. ಪ್ರತಿ ಬೆರಳಿಗೂ ಹಕ್ಕಿಯ ಗರಿಯ ಹಾಗೆ ಎರಡೂ ಕಡೆ ಎಳೆಗಳು. ಟೊಪ್ಪಿಗೆಯ ಮೇಲೆ ಹೂವಿನ ಹಾಗೆ ಕಾಣುವುದೆಲ್ಲ ಇಂಥ ಪಾಲಿಪ್‌ಗಳೇ. ಎಲ್ಲವೂ ಒಂದೇ ಮೂಲದವು, ಒಂದರ ನಕಲು ಇನ್ನೊಂದು. ಆದ್ದರಿಂದಲೇ ಒಂದು ತುಂಡು ಕತ್ತರಿಸಿದರೆ ಅದು ಬೇರೆ ಹವಳವಾಗಿ ಬದುಕುತ್ತದೆ. ಸಮುದ್ರದಲ್ಲಿ ಈ ಕೆಲಸವನ್ನು ಅಲೆ, ಬಿರುಗಾಳಿ ಮಾಡುತ್ತವೆ.

ಈಗ ನಿಮ್ಮ ಮೇ ತಿಂಗಳಿನ ಕತೆಗೆ ಬರೋಣ. ತಪ್ಪು ಒಂದಲ್ಲ, ನಾಲ್ಕು. ಆದರೆ ನಾಲ್ಕಕ್ಕೂ ಬೇರು ಒಂದೇ. ನೀವು ಇದನ್ನು ನುಗ್ಗೆಯ ಕೊಂಬೆ ನೆಟ್ಟ ಹಾಗೆ ಅಂದುಕೊಂಡಿದ್ದೀರಿ. ಮುರಿದು ಊರಿದರೆ ಆಯಿತು, ಚಿಗುರುತ್ತದೆ ಎಂದು. ನುಗ್ಗೆಯ ಕೊಂಬೆಗೆ ತೊಗಟೆ ಇದೆ, ಗಾಯ ಒಣಗುತ್ತದೆ. ಹವಳ ನೀರಿನೊಳಗಿನ ಮಾಂಸ. ಕತ್ತರಿಸಿದ ಜಾಗ ಒಣಗುವ ಮಾತೇ ಇಲ್ಲ. ಅದು ಲೋಳೆ ಸುರಿಸುತ್ತದೆ. ಲೋಳೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಹರಿಯುವ ನೀರು ಆ ಲೋಳೆಯನ್ನು ಒಯ್ಯದಿದ್ದರೆ ಅವು ಹವಳವನ್ನೇ ತಿನ್ನಲು ಶುರುಮಾಡುತ್ತವೆ. ನಿಮಗೆ ಮೂರನೇ ದಿನ ಬಂದ ನಾತ ಅದೇ.

30 ಡಿಗ್ರಿ ನೀರು ಇದನ್ನು ಇನ್ನೂ ಬೇಗ ಮಾಡಿಸಿತು. ಬಿಸಿ ನೀರಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ, ಆಮ್ಲಜನಕ ಕಡಿಮೆ. 25 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯದು 6.2ರ ಹತ್ತಿರ. ವ್ಯತ್ಯಾಸ ಸಣ್ಣದು ಅನ್ನಿಸುತ್ತದೆ. ಆದರೆ ಗಾಯಗೊಂಡ ಹವಳ, ಲೋಳೆ ತಿನ್ನುವ ಬ್ಯಾಕ್ಟೀರಿಯಾ, ಮೀನು ಎಲ್ಲ ಒಟ್ಟಿಗೆ ಉಸಿರಾಡುವಾಗ ಆ ಅರ್ಧ ಮಿಲಿಗ್ರಾಂ ಕೂಡ ಬೇಕಾಗುತ್ತದೆ.

ಇನ್ನು ಕತ್ತರಿ. ಅದು ಕತ್ತರಿಸುವುದಕ್ಕಿಂತ ಜಾಸ್ತಿ ಜಜ್ಜುತ್ತದೆ. ಜಜ್ಜಿದ ಅಂಚು ಮೊದಲು ಕೊಳೆಯುತ್ತದೆ. ಅಡುಗೆಮನೆಯದಾದರೆ ವಿಮ್ ಸೋಪಿನ ಪಸೆಯೂ ಇರುತ್ತದೆ. ಫೆವಿಕ್ವಿಕ್‌ನಂಥ ಅಂಟು ವಿಷವೆಂದು ಹೆದರಬೇಕಿಲ್ಲ. ನೀರು ತಾಗಿದರೆ ಗಟ್ಟಿಯಾಗುವ ಸಯನೋಆಕ್ರಿಲೇಟ್ ಅದು, ಹವಳ ಸಾಕುವವರು ಜಗತ್ತಿನಾದ್ಯಂತ ಬಳಸುತ್ತಾರೆ. ಆದರೆ ನೀರಿನಂತೆ ತೆಳ್ಳಗಿರುವುದು ಈ ಕೆಲಸಕ್ಕೆ ಬರುವುದಿಲ್ಲ, ಜೆಲ್ ಬೇಕು. ಟೋಡ್‌ಸ್ಟೂಲಿಗೆ ಜೆಲ್ ಕೂಡ ಹಿಡಿಯುವುದಿಲ್ಲ. ಯಾಕೆಂದರೆ ಅಂಟು ಕೂರುವುದು ಲೋಳೆಯ ಮೇಲೆ, ಹವಳದ ಮೇಲಲ್ಲ. ಲೋಳೆ ಜಾರಿದಾಗ ಅಂಟೂ ಜಾರುತ್ತದೆ. ರಾತ್ರಿಯೊಳಗೆ ಬಿದ್ದದ್ದು ಇದಕ್ಕೇ. ಮರುದಿನ ಬಿಗಿದ ರಬ್ಬರ್ ಬ್ಯಾಂಡ್ ಮೆತ್ತಗಿನ ಮಾಂಸವನ್ನು ಕೊಯ್ದಿತು.

ಕಲ್ಲಿಗೆ ಅಂಟಿಕೊಳ್ಳುವುದು ಹವಳದ ಕೆಲಸ. ಅದು ಅಂಟಿಕೊಳ್ಳುವ ತನಕ ಅಲ್ಲಾಡದಂತೆ ಹಿಡಿದಿಡುವುದು ಮಾತ್ರ ನಮ್ಮದು. ಇಷ್ಟು ತಲೆಯಲ್ಲಿದ್ದರೆ ಉಳಿದದ್ದು ಸುಲಭ.

ಯಾವಾಗ ಕತ್ತರಿಸಬೇಕು? ಚಿಲ್ಲರ್ ಇಲ್ಲದಿದ್ದರೆ ದೀಪಾವಳಿ ಕಳೆಯಲಿ. ಮುಂಬೈಯ ಅಕ್ಟೋಬರ್ ಹೀಟ್ ಇಳಿದ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ನಮ್ಮ ಟ್ಯಾಂಕುಗಳು ತಾವಾಗಿಯೇ 25–27ರಲ್ಲಿ ನಿಲ್ಲುತ್ತವೆ. ಮಳೆಗಾಲದಲ್ಲಿ ತಂಪಿರುತ್ತದಲ್ಲ ಎಂದು ಕೇಳುವವರಿದ್ದಾರೆ. ಮೋಸ ಹೋಗಬೇಡಿ. ಫ್ಯಾನ್ ನೀರನ್ನು ತಣಿಸುವುದು ಆವಿ ಮಾಡಿ. ಬೆಂಗಳೂರಿನ ಒಣ ಗಾಳಿಯಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಜೂನ್-ಜುಲೈಯ ಡೊಂಬಿವಲಿಯಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ, ಟ್ಯಾಂಕಿನ ನೀರು ಎಲ್ಲಿಂದ ಆವಿಯಾಗಬೇಕು? ಫ್ಯಾನ್ ತಿರುಗುತ್ತದೆ, ಥರ್ಮಾಮೀಟರ್ ಅಲ್ಲೇ ಇರುತ್ತದೆ. ಒಣ ದಿನಗಳಲ್ಲಿ ಫ್ಯಾನ್ ಕೆಲಸ ಮಾಡಿದಾಗ ಇಳಿದ ಮಟ್ಟಕ್ಕೆ ಸಿಹಿನೀರು ಸೇರಿಸಿ, ಉಪ್ಪುನೀರಲ್ಲ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ.

ಇನ್ನೊಂದು ಲೆಕ್ಕ ಇದೆ. ಟೋಡ್‌ಸ್ಟೂಲ್ ಆಗಾಗ ಮೈ ಮುಚ್ಚಿಕೊಂಡು, ಮೇಣ ಸವರಿದಂತೆ ಹೊಳೆದು, ತೆಳು ಪೊರೆ ಕಳಚುತ್ತದೆ. ಹಾವು ಪೊರೆ ಬಿಟ್ಟ ಹಾಗೆ. ಕೆಲವು ದಿನ, ಕೆಲವೊಮ್ಮೆ ಎರಡು ವಾರ. ಆ ಹೊತ್ತಿನಲ್ಲಿ ಕತ್ತರಿಸಬೇಡಿ. ಪೊರೆ ಕಳಚಿ, ಪಾಲಿಪ್‌ಗಳು ಪೂರ್ತಿ ಬಿಚ್ಚಿಕೊಂಡು, ಒಂದು ವಾರ ಚೆನ್ನಾಗಿ ನಿಂತ ಮೇಲೆ ಬ್ಲೇಡ್ ಎತ್ತಿ.

ಕತ್ತರಿಸುವ ಮೊದಲಿನ ಒಂದು ತಿಂಗಳು ನೀರು ಒಂದೇ ಹದದಲ್ಲಿರಲಿ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025, ಆಲ್ಕಲಿನಿಟಿ (ನೀರಿನ ಕ್ಷಾರದ ಅಳತೆ) 8ರಿಂದ 9 ಡಿಕೆಎಚ್, ಮೀನಿನ ಕಸದಿಂದ ಬರುವ ನೈಟ್ರೇಟ್ ಲೀಟರಿಗೆ 5ರಿಂದ 15 ಮಿಲಿಗ್ರಾಂ. ಸಾಫ್ಟ್ ಕೋರಲ್‌ಗೆ ನೈಟ್ರೇಟ್ ಸೊನ್ನೆ ಆಗಬೇಕೆಂದು ಹಟ ಹಿಡಿಯಬೇಡಿ, ಹಸಿದು ಸೊರಗುತ್ತದೆ. ನೀವು ಯಾವ ನೀರಿಗೆ ಉಪ್ಪು ಬೆರೆಸುತ್ತೀರಿ ಎಂದು ಬರೆದಿಲ್ಲ. ಅಡುಗೆಮನೆಯ ಆರ್‌ಒ ಆದರೆ ನಿಲ್ಲಿಸಿ. ಕುಡಿಯಲು ರುಚಿಯಿರಲಿ ಎಂದು ಅವುಗಳಲ್ಲಿ ಹೆಚ್ಚಿನವು ಖನಿಜವನ್ನು ಮತ್ತೆ ಬೆರೆಸುತ್ತವೆ. ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಇರುವ ಯಂತ್ರದ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವ ನೀರು ಬೇಕು. ಏಪ್ರಿಲ್-ಮೇಯಲ್ಲಿ ಸೊಸೈಟಿಗೆ ಟ್ಯಾಂಕರ್ ಬಂದ ದಿನ ಒಮ್ಮೆ ಮೀಟರ್ ಅದ್ದಿ ನೋಡಿ. ನಲ್ಲಿಯ ನೀರೇ ಬೇರೆ, ಟ್ಯಾಂಕರಿನದೇ ಬೇರೆ. ರೆಸಿನ್ ಆ ತಿಂಗಳು ಬೇಗ ಮುಗಿಯುತ್ತದೆ.

ಆಲ್ಕಲಿನಿಟಿ ಇಳಿದಿದ್ದರೆ ಅಂಗಡಿಯ ದುಬಾರಿ ಬಾಟಲಿ ಬೇಕಿಲ್ಲ. ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ಸೋಡಾ. 100 ಲೀಟರ್ ನೀರನ್ನು 1 ಡಿಕೆಎಚ್ ಏರಿಸಲು 3 ಗ್ರಾಂ. ನಿಮ್ಮ ಟ್ಯಾಂಕಿಗೆ ಸುಮಾರು 6 ಗ್ರಾಂ. ಸಿಹಿನೀರಿನಲ್ಲಿ ಕರಗಿಸಿ, ಪಂಪ್ ನೀರು ಬಿಡುವ ಜಾಗದಲ್ಲಿ ನಿಧಾನವಾಗಿ ಸುರಿಯಿರಿ. ದಿನಕ್ಕೆ ಒಂದು ಡಿಕೆಎಚ್‌ಗಿಂತ ಜಾಸ್ತಿ ಏರಿಸಬೇಡಿ.

ಕತ್ತರಿಸುವ ದಿನ ಬೆಳಗ್ಗೆಯೇ 40 ಲೀಟರ್ ಹೊಸ ಉಪ್ಪುನೀರು ತಯಾರಿರಲಿ, ಟ್ಯಾಂಕಿನಷ್ಟೇ ಬಿಸಿ, ಟ್ಯಾಂಕಿನಷ್ಟೇ ಉಪ್ಪು. ಫಿಲ್ಟರಿನಲ್ಲಿ ಒಂದು ಹಿಡಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಇದನ್ನು ಬಿಡಲೇಬೇಡಿ. ಟೋಡ್‌ಸ್ಟೂಲ್ ಕುಟುಂಬದ ಹವಳಗಳು ನೆರೆಯವರನ್ನು ದೂರ ಇಡಲು ನೀರಿಗೆ ವಿಷ ಬಿಡುತ್ತವೆ. ಕತ್ತರಿಸಿದಾಗ ಅದು ಒಮ್ಮೆಲೇ ಸುರಿಯುತ್ತದೆ. ಕಾರ್ಬನ್ ಅದನ್ನು ಹೀರಿಕೊಳ್ಳುತ್ತದೆ. ನಿಮ್ಮ ತಾಯಿ ಹವಳ ಹತ್ತು ದಿನ ಮುದುಡಿ ಕುಳಿತದ್ದಕ್ಕೆ ಗಾಯ ಒಂದೇ ಕಾರಣವಲ್ಲ, ತನ್ನದೇ ವಿಷದ ನೀರಿನಲ್ಲಿ ಅದು ಕೂತಿತ್ತು.

ಮೆಡಿಕಲ್ ಅಂಗಡಿಯಿಂದ ಸರ್ಜಿಕಲ್ ಬ್ಲೇಡ್ ತನ್ನಿ, 22ನೇ ನಂಬರಿನದು ಈ ಕೆಲಸಕ್ಕೆ ಅಗಲವಾಗಿ ಚೆನ್ನಾಗಿದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಬಾಲ್ಕನಿಯಲ್ಲಿ ಕುಳಿತುಕೊಳ್ಳಿ, ಅಡುಗೆಮನೆಯ ಕಟ್ಟೆ ಬೇಡ. ತರಕಾರಿ ಮಣೆಯ ಬದಲು ಹಳೇ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಸಾಕು, ಆಮೇಲೆ ಅದನ್ನು ಎಸೆಯಿರಿ. ಹವಳ ಕೂತಿರುವ ಕಲ್ಲು ಸಮೇತ ಎತ್ತಿ. ನೀರಿನಿಂದ ಹೊರಬಂದ ಕೂಡಲೇ ಅದು ಮುದುಡುತ್ತದೆ, ಮೈಯಿಂದ ನೀರು ಬಿಡುತ್ತದೆ. ತಿಂಡಿ ತಟ್ಟೆಯಷ್ಟಿದ್ದದ್ದು ಸಾಸರಿನಷ್ಟಾಗುತ್ತದೆ. ಹೆದರಬೇಡಿ, ಐದು ಹತ್ತು ನಿಮಿಷ ಹೊರಗಿದ್ದರೆ ಅದಕ್ಕೆ ಏನೂ ಆಗುವುದಿಲ್ಲ. ಅದರದೇ ಒಂದು ವಾಸನೆ ಇದೆ. ನಮ್ಮ ಮನೆಯಲ್ಲಿ ಆ ದಿನ ಯಾರೂ ಬಾಲ್ಕನಿ ಬಾಗಿಲು ತೆಗೆಯುವುದಿಲ್ಲ.

ಅಂಚಿನಲ್ಲಿ ಸುಮ್ನೆ ಎರಡು ತುಂಡು ಚಿವುಟುವುದು ಒಂದು ರೀತಿ. ನಿಮ್ಮ ಸಮಸ್ಯೆ ನೆರಳಿನದು, ಆದ್ದರಿಂದ ನಾನಾದರೆ ಪೂರ್ತಿ ಟೊಪ್ಪಿಗೆಯನ್ನೇ ತೆಗೆಯುತ್ತೇನೆ. ಟೊಪ್ಪಿಗೆಯ ಕೆಳಗೆ ಒಂದೆರಡು ಇಂಚು ಕಾಂಡ ಬಿಟ್ಟು, ಒಂದೇ ಎಳೆತದಲ್ಲಿ ಅಡ್ಡ ಕತ್ತರಿಸಿ. ಗರಗಸ ಎಳೆದ ಹಾಗೆ ಹಿಂದೆ ಮುಂದೆ ಬೇಡ. ಮೊದಲ ಸಲ ಬ್ಲೇಡ್ ಹೋಗುವಾಗ ಕೈಗೆ ವಿಚಿತ್ರ ಅನ್ನಿಸುತ್ತದೆ. ನೋಡಲು ಎಳೆ ಅಣಬೆ, ಆದರೆ ಒಳಗೆ ಮರಳು ಬೆರೆತ ಸೋಪಿನ ಹಾಗೆ ಕರಕರ. ಆ ಸುಣ್ಣದ ಸೂಜಿಗಳದೇ ಸದ್ದು. ಕಾಂಡ ಉಳಿದ ಕಲ್ಲನ್ನು ಮೊದಲು ಟ್ಯಾಂಕಿಗೆ ಇಳಿಸಿ. ಬೋಳು ಮೋಟು ನೋಡಿ ಬೇಜಾರು ಮಾಡಿಕೊಳ್ಳಬೇಡಿ. ಕೆಲವೇ ವಾರದಲ್ಲಿ ಮೇಲ್ಭಾಗ ದುಂಡಗಾಗಿ ಹೊಸ ಪಾಲಿಪ್ ಬರಲು ಶುರುವಾಗುತ್ತದೆ.

ತೆಗೆದ ಟೊಪ್ಪಿಗೆಯನ್ನು ಹೋಳಿಗೆ ಹಂಚಿದ ಹಾಗೆ ತ್ರಿಕೋನವಾಗಿ ಕತ್ತರಿಸಿ. ಪ್ರತಿ ತುಂಡಿನ ಅಂಚು 3–4 ಸೆಂಟಿಮೀಟರ್ ಇರಲಿ. ತೀರ ಚಿಕ್ಕದಾದರೆ ಪೂರ್ತಿ ಗಾಯವೇ ಆಗುತ್ತದೆ. ತುಂಡುಗಳನ್ನು ಒಂದು ಬಕೆಟ್ ಟ್ಯಾಂಕ್ ನೀರಿನಲ್ಲಿ ಹತ್ತು ನಿಮಿಷ ಆಡಿಸಿ, ಆ ಲೋಳೆ ನೀರನ್ನು ಚೆಲ್ಲಿ, ಇನ್ನೊಂದು ಬಕೆಟಿನಲ್ಲಿ ಮತ್ತೊಮ್ಮೆ ಆಡಿಸಿ. ಕೆಲವರು ಅಯೋಡಿನ್ ನೀರಿನಲ್ಲಿ ಅದ್ದುತ್ತಾರೆ. ನಾನು ಮಾಡುವುದಿಲ್ಲ. ಎರಡು ಬಕೆಟಿನ ಸ್ನಾನದಲ್ಲೇ ನನ್ನ ಕೆಲಸ ಆಗಿದೆ.

ಇನ್ನು ಹಿಡಿದಿಡುವ ವಿಷಯ. ಅಂಗಡಿಯಲ್ಲಿ ಸೆರಾಮಿಕ್ ಪ್ಲಗ್ ಸಿಗುತ್ತದೆ, ಗುಂಡುಸೂಜಿಯ ತಲೆ ದೊಡ್ಡದಾದ ಹಾಗೆ. ಇಲ್ಲದಿದ್ದರೆ ಹೊಳಪು ಹಚ್ಚದ ಟೈಲ್ಸಿನ ತುಂಡು, ಹಿಂಬದಿ ಮೇಲೆ ಮಾಡಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಪ್ಲಗ್ ಅಥವಾ ಟೈಲ್ಸಿನ ಚೂರು ಹರಡಿ. ಪ್ರತಿಯೊಂದರ ಮೇಲೆ ಒಂದು ತುಂಡು, ಕತ್ತರಿಸಿದ ಮುಖ ಕೆಳಗೆ. ಡಬ್ಬಿಯ ಬಾಯಿಗೆ ಕಿಟಕಿಯ ಸೊಳ್ಳೆಪರದೆಯ ನೈಲಾನ್ ಚೂರು ಹಾಕಿ, ರಬ್ಬರ್ ಬ್ಯಾಂಡನ್ನು ಡಬ್ಬಿಗೆ ಬಿಗಿಯಿರಿ. ಹವಳಕ್ಕಲ್ಲ. ಡಬ್ಬಿಯ ಪಕ್ಕಗಳಲ್ಲಿ ಕಾದ ಮೊಳೆಯಿಂದ ಹತ್ತಿಪ್ಪತ್ತು ತೂತು ಮಾಡಿರಬೇಕು, ನೀರು ಆಡಲಿ. ಒಂದೊಂದನ್ನೇ ಬೇರೆ ಇಡಬೇಕೆಂದರೆ ಪ್ಲಗ್ಗಿನ ಮೇಲೆ ತುಂಡು ಇಟ್ಟು, ಸೊಳ್ಳೆಪರದೆಯ ಚೌಕವನ್ನು ಸಡಿಲವಾಗಿ ಸುತ್ತಿ ಪ್ಲಗ್ಗಿನ ಕಾಲಿಗೆ ದಾರ ಕಟ್ಟಿ. ಹೂ ಕಟ್ಟುವಾಗ ಎಷ್ಟು ಬಿಗಿಯುತ್ತೇವೋ ಅಷ್ಟು. ಮಲ್ಲಿಗೆ ನಲುಗಬಾರದು, ಜಾರಲೂಬಾರದು. ನನ್ನ ಹೆಂಡತಿ ಈ ಕೆಲಸ ನನಗಿಂತ ಚೆನ್ನಾಗಿ ಮಾಡುತ್ತಾಳೆ, ಅವಳ ಕೈಯಲ್ಲಿ ಕಟ್ಟಿಸಿದ ತುಂಡು ಯಾವುದೂ ಇದುವರೆಗೆ ಬಿದ್ದಿಲ್ಲ.

ಡಬ್ಬಿಯನ್ನು ಟ್ಯಾಂಕಿನಲ್ಲಿ ಬೆಳಕು ಸಾಧಾರಣ ಬೀಳುವ, ನೀರು ಚೆನ್ನಾಗಿ ಓಡುವ ಜಾಗದಲ್ಲಿಡಿ. ಸಂಜೆ 40 ಲೀಟರ್ ನೀರು ಬದಲಿಸಿ. ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಇದ್ದರೆ ಆ ರಾತ್ರಿ ಹುಚ್ಚೆದ್ದು ನೊರೆ ಉಕ್ಕಿಸುತ್ತದೆ, ಕಪ್ ಖಾಲಿ ಮಾಡಿಟ್ಟುಕೊಳ್ಳಿ. ಮೂರನೇ ದಿನ ಕಾರ್ಬನ್ ತೆಗೆದು ಹೊಸದು ಹಾಕಿ. ದಿನಕ್ಕೆ ಒಂದು ಸಲ ಸಿರಿಂಜಿನಿಂದ ತುಂಡುಗಳ ಮೇಲೆ ಮೆಲ್ಲಗೆ ನೀರು ಊದಿ, ಲೋಳೆ ಹಾರಿಹೋಗಲಿ. ಯಾವುದಾದರೂ ತುಂಡಿನ ಅಂಚು ಕಂದಾಗಿ ಕರಗುವುದು ಕಂಡರೆ 'ನಾಳೆ ನೋಡೋಣ' ಬೇಡ. ಹೊರಗೆ ತೆಗೆದು, ಗಟ್ಟಿ ಬಿಳಿ ಮಾಂಸ ಕಾಣುವವರೆಗೆ ಕತ್ತರಿಸಿ ಮತ್ತೆ ಇಡಿ. ಒಂದು ಕೊಳೆತರೆ ಪಕ್ಕದ್ದಕ್ಕೂ ಅಂಟುತ್ತದೆ. ಎರಡು ವಾರದ ಹೊತ್ತಿಗೆ ಹೆಚ್ಚಿನವು ಕಲ್ಲಿಗೆ ಹಿಡಿದಿರುತ್ತವೆ. ಕೆಲವು ಸೋಮಾರಿಗಳು ಮೂರು ವಾರ ತೆಗೆದುಕೊಳ್ಳುತ್ತವೆ. ಪ್ಲಗ್ ಎತ್ತಿ ಅಲುಗಿಸಿದಾಗ ಹವಳವೂ ಒಟ್ಟಿಗೆ ಬಂದರೆ ಪರದೆ ತೆಗೆಯಿರಿ. ಪಾಲಿಪ್ ಪೂರ್ತಿ ಬಿಚ್ಚಿದ ಮೇಲೆಯೇ ಗೆಳೆಯರಿಗೆ ಫೋನ್ ಮಾಡಿ.

ಕರೆಂಟಿನ ಮಾತು ಇಲ್ಲಿ ಹೇಳಲೇಬೇಕು. ಮುಲುಂಡಿನ ನಮ್ಮ ಮನೆಯಲ್ಲಿ 2020ರ ಅಕ್ಟೋಬರ್ 11, ಭಾನುವಾರ ಸಂಜೆ ನಾನು ಒಂದು ಟೋಡ್‌ಸ್ಟೂಲನ್ನು ಐದು ತುಂಡು ಮಾಡಿದೆ. ಅಕ್ಟೋಬರ್ ಹೀಟ್ ಎಂದು ಈಗ ನಿಮಗೆ ಬುದ್ಧಿ ಹೇಳುತ್ತಿರುವವನೇ. ಲಾಕ್‌ಡೌನಿನ ಬೇಸರ, ಮಾಡಲು ಕೆಲಸವಿರಲಿಲ್ಲ. ಮರುದಿನ ಬೆಳಗ್ಗೆ ಹತ್ತರ ಹೊತ್ತಿಗೆ ಮುಂಬೈಯ ಕರೆಂಟೇ ಹೋಯಿತು. ಲೋಕಲ್ ರೈಲುಗಳೂ ನಿಂತವು, ಆ ದಿನ ಯಾರಿಗೆ ಮರೆತಿದೆ? ಪಂಪ್ ನಿಂತಿತು, ಸ್ಕಿಮ್ಮರ್ ನಿಂತಿತು. ಟ್ಯಾಂಕಿನಲ್ಲಿ ಐದು ಹಸಿ ಗಾಯ. ನಾನೂ ನನ್ನ ಹೆಂಡತಿಯೂ ಪಾಳಿ ಹಾಕಿಕೊಂಡು ಸ್ನಾನದ ಮಗ್‌ನಿಂದ ನೀರು ಎತ್ತಿ ಎತ್ತಿ ಮೇಲಿಂದ ಸುರಿದೆವು. ಅವಳ ಆಫೀಸಿನ ಮೀಟಿಂಗ್ ಹೇಗೂ ಬಂದ್ ಆಗಿತ್ತು. ಕರೆಂಟ್ ಬರುವಾಗ ನನ್ನ ಭುಜ ಹೋಗಿತ್ತು, ಮೂರು ತುಂಡು ಹೋಗಿದ್ದವು, ಒಂದು ಸಿಗಡಿಯೂ ಹೋಗಿತ್ತು. ಆ ವಾರವೇ ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ತಂದೆ. ಮೀನಿನ ಅಂಗಡಿಯಲ್ಲಿ ಸಿಗುವ ಸಣ್ಣ ವಸ್ತು ಅದು. ನೀವೂ ಒಂದು ತನ್ನಿ. ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಮೇಂಟೆನೆನ್ಸಿಗೆ ಕರೆಂಟ್ ತೆಗೆಯುವ ಚೀಟಿ ಇದ್ದರೆ ಆ ವಾರ ಬ್ಲೇಡ್ ಮುಟ್ಟಬೇಡಿ.

ನೆರಳಿನಲ್ಲಿರುವ ಜೋಆಂಥಿಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟೋಡ್‌ಸ್ಟೂಲ್ ಕತ್ತರಿಸಿದ ಹುಮ್ಮಸ್ಸಿನಲ್ಲಿ ಅದಕ್ಕೂ ಕೈ ಹಾಕುತ್ತೀರಿ ಎಂದು ನನಗೆ ಗೊತ್ತು. ಈ ಜಾತಿಯ ಕೆಲವಲ್ಲಿ, ಮುಖ್ಯವಾಗಿ ಕಂದು ಬಣ್ಣದ ದೊಡ್ಡ ಪಾಲಿಥೋವಾಗಳಲ್ಲಿ, ಪಾಲಿಟಾಕ್ಸಿನ್ ಎಂಬ ವಿಷವಿದೆ. 1971ರಲ್ಲಿ ಹವಾಯಿಯ ಪಾಲಿಥೋವಾದಿಂದ ಇದನ್ನು ಬೇರ್ಪಡಿಸಿದರು. ಪ್ರಕೃತಿಯಲ್ಲಿ ಸಿಗುವ ಅತಿ ಉಗ್ರ ವಿಷಗಳಲ್ಲಿ ಇದೂ ಒಂದು, ಇದಕ್ಕೆ ಪ್ರತಿವಿಷ ಇಲ್ಲ. ಕಲ್ಲಿನಲ್ಲಿ ಬೇಡದ ಜೋಆ ಇವೆ ಎಂದು ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿದ ಮನೆಯವರು, ಆ ಆವಿ ಉಸಿರಾಡಿ ಕುಟುಂಬ ಸಮೇತ ಆಸ್ಪತ್ರೆ ಸೇರಿದ ಘಟನೆಗಳು ಬೇರೆ ಬೇರೆ ದೇಶಗಳಲ್ಲಿ ಆಗಿವೆ. ಕುದಿಸಬಾರದು, ಬಿಸಿನೀರು ಸುರಿಯಬಾರದು, ಒಣಗಿದ ಮೇಲೆ ಬ್ರಷ್ ಹಾಕಿ ಉಜ್ಜಬಾರದು. ಕತ್ತರಿಸುವಾಗ ಚಿಮ್ಮುವ ರಸ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅಂಗೈಯಲ್ಲಿ ಗಾಯವಿದ್ದ ದಿನ ಟ್ಯಾಂಕಿಗೆ ಕೈಯೇ ಹಾಕಬೇಡಿ. ಮಕ್ಕಳು, ಬೆಕ್ಕು ಹತ್ತಿರ ಸುಳಿಯಬಾರದು.

ಇಷ್ಟೆಲ್ಲ ಯಾಕೆ ಬೇಕು ಹೇಳಿ? ಜೋಆಂಥಿಡ್ ಪಾಲಿಪ್ ಕತ್ತರಿಸದೆಯೇ ಫ್ರ್ಯಾಗ್, ಅಂದರೆ ಬೆಳೆಸುವ ತುಂಡು, ಮಾಡಬಹುದು. ಗುಂಪಿನ ಅಂಚಿಗೆ ತಾಗುವ ಹಾಗೆ ಒಂದು ಖಾಲಿ ಟೈಲ್ಸಿನ ಚೂರು ಇಟ್ಟು ಮರೆತುಬಿಡಿ. ಬೆಳಕು ಸಿಕ್ಕರೆ ಅವು ತಾವಾಗಿಯೇ ಹಾಸಿಕೊಂಡು ಚೂರಿನ ಮೇಲೆ ಬರುತ್ತವೆ, ನಮ್ಮೂರ ಅಂಗಳದ ಗರಿಕೆಯ ಹಾಗೆ. ಎಂಟು ಹತ್ತು ಪಾಲಿಪ್ ಏರಿದ ಮೇಲೆ ನಡುವಿನ ತೆಳು ಚರ್ಮವನ್ನಷ್ಟೇ, ಪಾಲಿಪ್‌ಗೆ ತಾಗಿಸದೆ, ಗ್ಲೌಸ್ ಮತ್ತು ಕನ್ನಡಕ ಹಾಕಿ ಒಂದು ಗೀರು ಎಳೆದರೆ ಮುಗಿಯಿತು. ಇಲ್ಲಿ ಜೆಲ್ ಅಂಟೂ ಬೇಡ, ಪರದೆಯೂ ಬೇಡ. ಮಶ್ರೂಮ್ ಹವಳವಾದರೆ ಬಾಯಿಯ ನಡುವೆ ಸೀಳಿ ಎರಡು ಮಾಡಿದರೂ ಬದುಕುತ್ತದೆ, ಅದು ಗಟ್ಟಿ ಪಿಂಡ. ನೀರಿನ ಓಟ ಕಡಿಮೆ ಇರುವ ಡಬ್ಬಿಯಲ್ಲಿ ಕಲ್ಲಿನ ಚೂರಿನ ಜೊತೆ ಬಿಟ್ಟರೆ ಸಾಕು, ತಾನಾಗಿ ಹಿಡಿದುಕೊಳ್ಳುತ್ತದೆ.

ಮುಂದೆ ಎಂದಾದರೂ ಕಾಗದಪತ್ರ ಸರಿಯಿರುವ ಕಲ್ಲು ಹವಳ ನಿಮ್ಮ ಮನೆಗೆ ಬಂದರೂ ಒಂದೆರಡು ವರ್ಷ ಈ ಮೆತ್ತಗಿನವುಗಳಲ್ಲೇ ಕೈ ಪಳಗಲಿ. ಅವಕ್ಕೆ ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂ ಮೇಲೆ, ಆಲ್ಕಲಿನಿಟಿ ದಿನವೂ ಒಂದೇ ಕಡೆ, ನೀರು 27 ದಾಟಬಾರದು ಎಂದೆಲ್ಲ ಇರುತ್ತದೆ. ಚಿಲ್ಲರ್ ಇಲ್ಲದ ಡೊಂಬಿವಲಿಯ ಮನೆಯಲ್ಲಿ ಏಪ್ರಿಲ್ ಬಂದರೆ ಅವು ಮೈಯೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತವೆ. ಆ ಪಾಚಿಯೇ ಬೆಳಕಿನಲ್ಲಿ ಅವಕ್ಕೆ ಅಡುಗೆ ಮಾಡಿ ಹಾಕುವುದು. ಸಮುದ್ರದ ಹವಳಗಳೇ ಈಗ ಬಿಸಿಗೆ ಹೀಗೆ ಬಿಳಿಚುತ್ತಿವೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಅದೇ.

ಕೊನೆಗೆ ಗೆಳೆಯರಿಗೆ ಕೊಡುವ ವಿಷಯ. ಕೊಡುವ ದಿನ ತುಂಡನ್ನು ಒಂದು ಗಂಟೆ ಮೊದಲೇ ಬೇರೆ ಬಟ್ಟಲಿನ ಟ್ಯಾಂಕ್ ನೀರಿನಲ್ಲಿಡಿ. ಕೈ ತಾಗಿದ ಸಿಟ್ಟಿಗೆ ಬಿಡುವ ಲೋಳೆಯನ್ನೆಲ್ಲ ಅಲ್ಲೇ ಬಿಡಲಿ. ಆಮೇಲೆ ಹೊಸ ನೀರಿನ ಚೀಲಕ್ಕೆ ಹಾಕಿ, ಒಳಗೆ ನೀರಿಗಿಂತ ಗಾಳಿ ಜಾಸ್ತಿ ಇರಲಿ. ಇಬ್ಬರಿಗೂ ಒಂದೇ ಚೀಲದಲ್ಲಿ ಎರಡು ತುಂಡು ಬೇಡ, ಒಂದಕ್ಕೊಂದು ಚೀಲ. ಎರಡು ಪದರ ಚೀಲ, ಹೊರಗೆ ಸಣ್ಣ ಥರ್ಮಾಕೋಲ್ ಪೆಟ್ಟಿಗೆ. ಮಧ್ಯಾಹ್ನದ ಖಾಲಿ ಲೋಕಲ್ ಹಿಡಿಯಿರಿ. ಬೆಳಗ್ಗೆ ಎಂಟರ ಫಾಸ್ಟ್‌ನಲ್ಲಿ ಹೊರಟರೆ ನೀವು ಠಾಣೆಯಲ್ಲಿ ಇಳಿಯುವುದೇ ಕಷ್ಟ, ಪೆಟ್ಟಿಗೆ ದಾದರ್‌ಗೆ ಹೋಗಿರುತ್ತದೆ.